ತೆರೆದ ಬಾಗಿಲಿನ ಹೊಣೆ

ಬಾಗಿಲಿಗೆ ಅಗುಳಿ ಹಾಕದೆ ಮಲಗಿದವನ ಮನೆಗೆ ರಾತ್ರಿ ಕಳ್ಳನು ನುಗ್ಗಿದರೆ ತಪ್ಪು ಯಾರದು? ಊರಿನ ಕಟ್ಟೆಯ ಮೇಲೆ ಈ ಪ್ರಶ್ನೆಗೆ ಉತ್ತರ ಸುಲಭ. ತಪ್ಪು ಕಳ್ಳನದು, ಮನೆಯವನದು ಬರಿಯ ಅವಿವೇಕ. ಕಳೆದುಕೊಂಡವನು ತಾನೇ ನಷ್ಟವನ್ನು ಅನುಭವಿಸುವುದರಿಂದ ಅವನ ಅವಿವೇಕಕ್ಕೆ ಅದೇ ದಂಡವೂ ಆಗುತ್ತದೆ. ಆದರೆ ಆ ಮನೆಯ ಪೆಟ್ಟಿಗೆಯಲ್ಲಿ ನೆರೆಹೊರೆಯವರು ನಂಬಿ ಇಟ್ಟಿದ್ದ ಒಡವೆಗಳಿದ್ದರೆ ಮಾತು ಬೇರೆಯಾಗುತ್ತದೆ. ಕಳ್ಳನ ತಪ್ಪು ಎಳ್ಳಷ್ಟೂ ಕಡಮೆಯಾಗುವುದಿಲ್ಲ, ನಿಜ. ಆದರೆ ಅಗುಳಿ ಹಾಕದವನ ನಡತೆಯನ್ನು ಇನ್ನು ಅವಿವೇಕವೆಂದು ಹೇಳಿ ಬಿಟ್ಟುಬಿಡಲಾಗದು. ನಂಬಿ ಒಪ್ಪಿಸಿದ ಒಡವೆಯನ್ನು ಹಿರಿಯರು ನ್ಯಾಸವೆಂದು ಕರೆದರು. ನ್ಯಾಸವನ್ನು ತಿಂದುಹಾಕುವುದು ಮೋಸ. ಅದು ಕಳುವಾಗಿ ಹೋಗುವಂತೆ ಉದಾಸೀನನಾಗಿರುವುದು ಮೋಸವಲ್ಲವಾದರೂ ನಿರ್ದೋಷವಾದ ನಡತೆಯೂ ಅಲ್ಲ. ವ್ಯಾಪಾರದ ಮನೆತನಗಳಲ್ಲಿ ಹುಟ್ಟಿದವರಿಗೂ, ದೇವಾಲಯದ ಭಂಡಾರದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವರಿಗೂ ಈ ಭೇದವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇಂದು ಮನುಷ್ಯಕುಲದ ಬಹುದೊಡ್ಡ ನ್ಯಾಸಗಳಲ್ಲೊಂದು ನೆಲದ ಮೇಲಿಲ್ಲ. ಅದು ಭೂಮಿಯಿಂದ ಕೆಲವು ನೂರು ಕಿಲೋಮೀಟರಿನಿಂದ ಹಿಡಿದು ಸುಮಾರು 36,000 ಕಿಲೋಮೀಟರಿನವರೆಗಿನ ಎತ್ತರಗಳಲ್ಲಿ ಸುತ್ತುತ್ತಿದೆ. ದೂರವಾಣಿಯ ಮಾತು, ದೂರದರ್ಶನದ ಚಿತ್ರ, ಚಂಡಮಾರುತದ ಮುನ್ಸೂಚನೆ, ವಿಮಾನ ಹಡಗುಗಳ ದಾರಿ, ಬ್ಯಾಂಕುಗಳ ಗಡಿಯಾರದ ಹೊಂದಾಣಿಕೆ, ಇವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಕೃತಕ ಉಪಗ್ರಹಗಳನ್ನು ನೆಚ್ಚಿಕೊಂಡಿವೆ. ಹೀಗೆ ನೆಚ್ಚಿಕೊಂಡವರಲ್ಲಿ ಬಹುಮಂದಿಗೆ ತಾವು ಯಾವ ಉಪಗ್ರಹದ ಋಣದಲ್ಲಿದ್ದೇವೆಂಬುದೇ ತಿಳಿಯದು. ಶ್ರವಣಬೆಳಗೊಳವನ್ನು ತನ್ನ ಮಡಿಲಲ್ಲಿರಿಸಿಕೊಂಡ ಹಾಸನ ಜಿಲ್ಲೆಯಲ್ಲಿಯೇ, ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ, ಇನ್ಸಾಟ್ ಸರಣಿಯ ಉಪಗ್ರಹಗಳನ್ನು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರವು 1982ರಿಂದ ಕೆಲಸ ಮಾಡುತ್ತಿದೆ. ದೊಡ್ಡ ಬೆಟ್ಟದ ಮೆಟ್ಟಿಲೇರಿ ಬರುವ ಯಾತ್ರಿಕರಲ್ಲಿ, ಮೊನ್ನೆ ಊರಿನಲ್ಲಿ ಕೇಳಿದ ಮಳೆಯ ಮುನ್ಸೂಚನೆಯ ಬೇರು ಇದೇ ಜಿಲ್ಲೆಯ ತಟ್ಟೆಯಾಕಾರದ ಆಂಟೆನಾಗಳಲ್ಲಿರಬಹುದೆಂದು ಎಣಿಸುವವರು ವಿರಳ. ಕಾಣದ ಭಂಡಾರಿಯ ಮೇಲೆ ಇಷ್ಟು ದೊಡ್ಡ ನಂಬಿಕೆಯನ್ನು ಹಿಂದಿನ ಯಾವ ಕಾಲದ ಜನರೂ ಇಟ್ಟಿರಲಿಲ್ಲ.

ಈ ಭಂಡಾರದ ಬಾಗಿಲು ಆಕಾಶದಲ್ಲಿದೆಯೆಂದು ಭಾವಿಸುವುದು ಸಹಜವಾದರೂ ಸರಿಯಲ್ಲ. ಅಷ್ಟೆತ್ತರದ ವಸ್ತುವನ್ನು ಮುಟ್ಟಲು ಕ್ಷಿಪಣಿ ಬೇಕು. ಅದು ಕೆಲವೇ ರಾಷ್ಟ್ರಗಳ ಕೈಯಲ್ಲಿದೆ. ಆದರೆ ಉಪಗ್ರಹವು ನೆಲದಿಂದ ಬರುವ ಆಜ್ಞೆಗಳಿಗೆ ಕಿವಿಗೊಟ್ಟು ನಡೆಯುವ ವಸ್ತು. ಆಜ್ಞೆಯು ಗಣಕದಲ್ಲಿ ಹುಟ್ಟಿ, ತಂತಿಯಲ್ಲಿ ಹರಿದು, ಭೂಕೇಂದ್ರದ ಆಂಟೆನಾದಿಂದ ಮೇಲೇರುತ್ತದೆ. ಕೆಳಗಿಳಿದು ಬರುವ ಅಲೆಯನ್ನು ಮನೆಮನೆಯ ಮೋಡೆಮ್ ಹಿಡಿದುಕೊಳ್ಳುತ್ತದೆ. ಈ ಸರಪಳಿಯ ಕೊಂಡಿಗಳಲ್ಲಿ ಒಂದನ್ನುಳಿದು ಮಿಕ್ಕೆಲ್ಲವೂ ನೆಲದ ಮೇಲಿವೆ. ಕನ್ನ ಕೊರೆಯುವವನು ಗೋಡೆ ಎಲ್ಲಿ ತೆಳುವಾಗಿದೆಯೋ ಅಲ್ಲಿಯೇ ಕೊರೆಯುತ್ತಾನೆ.

2022ರ ಫೆಬ್ರವರಿ 24ರ ಬೆಳಗಿನ ಜಾವ ನಡೆದುದು ಇದೇ. ಅಂದು ರಷ್ಯದ ಸೇನೆ ಯುಕ್ರೇನಿನೊಳಕ್ಕೆ ನುಗ್ಗಿತು. ಅದಕ್ಕೆ ಸುಮಾರು ಒಂದು ಗಂಟೆ ಮೊದಲು, ಯುರೋಪಿಗೆ ಅಂತರ್ಜಾಲ ಸಂಪರ್ಕವನ್ನು ಒದಗಿಸುತ್ತಿದ್ದ ಕೆಎ-ಸ್ಯಾಟ್ ಎಂಬ ಉಪಗ್ರಹದ ಜಾಲದ ಮೇಲೆ ಸೈಬರ್ ದಾಳಿ ನಡೆಯಿತೆಂದು ಯುರೋಪಿನ ಒಕ್ಕೂಟವು ಅದೇ ವರ್ಷ ಮೇ 10ರಂದು ಪ್ರಕಟಿಸಿ, ರಷ್ಯವೇ ಅದರ ಕರ್ತೃವೆಂದು ಹೆಸರಿಸಿತು. ಅಮೆರಿಕ ಬ್ರಿಟನ್ನುಗಳೂ ಅದೇ ಮಾತನ್ನು ಹೇಳಿದವು. ಜಾಲದ ಒಡೆತನ ವಯಾಸ್ಯಾಟ್ ಎಂಬ ಅಮೆರಿಕದ ಕಂಪನಿಯದು. ಆ ಕಂಪನಿಯೇ ಮಾರ್ಚ್ ತಿಂಗಳ ಕೊನೆಯಲ್ಲಿ ಹೊರಡಿಸಿದ ವಿವರಣೆಯಂತೆ, ದೂರದಿಂದ ಒಳಪ್ರವೇಶಿಸಲು ಇರಿಸಿದ್ದ ಉಪಕರಣವೊಂದನ್ನು ಸರಿಯಾಗಿ ಹೊಂದಿಸಿರಲಿಲ್ಲ. ದಾಳಿಕಾರರು ಆ ಲೋಪದ ಮೂಲಕ ಒಳಹೊಕ್ಕು, ಜಾಲವನ್ನು ನಿರ್ವಹಿಸುವ ಭಾಗವನ್ನು ತಲುಪಿ, ಅಲ್ಲಿಂದ ಮನೆಗಳ ಮೋಡೆಮ್‌ಗಳಿಗೆ ಒಮ್ಮೆಲೇ ಆಜ್ಞೆಗಳನ್ನು ಕಳುಹಿಸಿದರು. ಮಾಲೀಕನ ಧ್ವನಿಯಲ್ಲಿ ಬಂದ ಆಜ್ಞೆಗೆ ಮೋಡೆಮ್‌ಗಳು ಅನುಮಾನಪಡಲಿಲ್ಲ. ತಮ್ಮ ನೆನಪಿನ ಮುಖ್ಯ ಭಾಗವನ್ನು ತಾವೇ ಅಳಿಸಿಕೊಂಡು ಮೂಕವಾದವು. ಯುಕ್ರೇನಿನಲ್ಲಿ ಹಲವು ಸಾವಿರ, ಯುರೋಪಿನ ಇತರ ದೇಶಗಳಲ್ಲಿ ಹತ್ತಾರು ಸಾವಿರ ಗ್ರಾಹಕರ ಸಂಪರ್ಕ ಕಡಿದುಹೋಯಿತು. ಕಂಪನಿಯು ಮುಂದೆ ಹೆಚ್ಚುಕಡಮೆ 30,000 ಹೊಸ ಮೋಡೆಮ್‌ಗಳನ್ನು ಹಂಚಬೇಕಾಯಿತು. ಇಷ್ಟೆಲ್ಲ ನಡೆಯುವಾಗ ಆಕಾಶದಲ್ಲಿದ್ದ ಉಪಗ್ರಹಕ್ಕೆ ಕೂದಲೂ ಕೊಂಕಿರಲಿಲ್ಲ.

ವಿಚಾರಪರರಾದವರನ್ನು ಹೆಚ್ಚು ಕಾಡಬೇಕಾದುದು ಜರ್ಮನಿಯ ಗಾಳಿಯಂತ್ರಗಳ ಪ್ರಸಂಗ. ಎನರ್ಕಾನ್ ಎಂಬ ಕಂಪನಿ ಸ್ಥಾಪಿಸಿದ್ದ ಸುಮಾರು 5,800 ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವ ಏರ್ಪಾಡು ಇದೇ ಉಪಗ್ರಹದ ಮೂಲಕ ನಡೆಯುತ್ತಿತ್ತು. ಯುದ್ಧಕ್ಕೂ ಆ ಯಂತ್ರಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಫ್ರಾನ್ಸಿನ ಹಳ್ಳಿಗಾಡಿನ ಮನೆಗಳಿಗೂ ಇರಲಿಲ್ಲ. ಅಲ್ಲಿಯೂ ಸಾವಿರಾರು ಮನೆಗಳ ಸಂಪರ್ಕ ಅದೇ ಬೆಳಗಿನಲ್ಲಿ ನಿಂತಿತು. ಬಾಣ ಬಿಟ್ಟವನ ಗುರಿ ಒಂದಾಗಿತ್ತು, ಬಾಣ ನಾಟಿದ ಕಡೆಗಳು ಹಲವಾಗಿದ್ದವು. ಸೈನಿಕನೂ ಗೃಹಿಣಿಯೂ ರೈತನೂ ಒಂದೇ ಬಾಗಿಲಿನ ಮೂಲಕ ಹಾದುಹೋಗುವ ವ್ಯವಸ್ಥೆಯಲ್ಲಿ ಬಾಗಿಲನ್ನೇ ಕೆಡವಿದವನು, ತಾನು ಸೈನಿಕನನ್ನು ಮಾತ್ರ ತಡೆದೆನೆಂದು ಹೇಳಿಕೊಳ್ಳುವ ಅಧಿಕಾರವನ್ನು ಕಳೆದುಕೊಳ್ಳುತ್ತಾನೆ.

ಇಲ್ಲಿ ಒಂದು ವಾದವುಂಟು. ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಸಂಪರ್ಕ ಕೇಂದ್ರವೊಂದರ ಮೇಲೆ ಬಾಂಬು ಹಾಕಿದರೆ ಕಾವಲುಗಾರ ಸಾಯುತ್ತಾನೆ, ಪಕ್ಕದ ಬೀದಿಯ ಮಕ್ಕಳು ಸಾಯುತ್ತಾರೆ. ಅದೇ ಫಲವನ್ನು ರಕ್ತದ ಹನಿಯಿಲ್ಲದೆ, ಗಣಕದ ಕೀಲಿಮಣೆಯಿಂದ ಸಾಧಿಸುವುದಾದರೆ ಹಿಂಸೆ ಕಡಮೆಯಾದಂತಲ್ಲವೆ? ಯುದ್ಧ ಅನಿವಾರ್ಯವೆಂದು ಮೊದಲೇ ಒಪ್ಪಿಕೊಂಡವರ ಲೆಕ್ಕದಲ್ಲಿ ಈ ಮಾತಿಗೆ ತೂಕವಿದೆ. ಆದರೆ ಈ ಲೆಕ್ಕ ಫಲವನ್ನು ಮಾತ್ರ ನೋಡುತ್ತದೆ, ಮಾಡಿದವನ ಭಾವವನ್ನು ನೋಡುವುದಿಲ್ಲ. ಹತ್ತಾರು ಸಾವಿರ ಅಪರಿಚಿತರ ಸಂಪರ್ಕವನ್ನು ಕಡಿಯುವವನಿಗೆ ಅವರಲ್ಲಿ ಯಾರು ಆ ಗಳಿಗೆಯಲ್ಲಿ ವೈದ್ಯರನ್ನು ಕರೆಯುತ್ತಿದ್ದಾರೆ, ಯಾರ ಮನೆಗೆ ಬೆಂಕಿ ಬಿದ್ದಿದೆ ಎಂಬುದು ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಗೋಜಿಗೂ ಅವನು ಹೋಗಿಲ್ಲ. ರಕ್ತ ಹರಿಯದಿದ್ದುದು ಅವನ ಸಂಯಮದ ಫಲವಾಗಿರಲಿಲ್ಲ. ಜರ್ಮನಿಯ ಗಾಳಿಯಂತ್ರಗಳು ಸಂಪರ್ಕ ತಪ್ಪಿದ ಮೇಲೂ ತಿರುಗುತ್ತಲೇ ಇದ್ದವು, ವಿದ್ಯುತ್ತನ್ನು ಕೊಡುತ್ತಲೇ ಇದ್ದವು. ಒಡೆಯನ ಧ್ವನಿ ಕೇಳದೆ ಹೋದಾಗ ತಮ್ಮಷ್ಟಕ್ಕೆ ತಾವೇ ಜಾಗರೂಕತೆಯಿಂದ ನಡೆದುಕೊಳ್ಳುವಂತೆ ಅವುಗಳನ್ನು ಕಟ್ಟಿದವರು ಬೇರೆ ಯಾರೋ ಇಂಜಿನಿಯರುಗಳು. ದಾಳಿಕಾರನು ಮಾಡದೆ ಬಿಟ್ಟ ವಿಚಾರವನ್ನು ಅವರು ಎಷ್ಟೋ ಮೊದಲೇ ಮಾಡಿದ್ದರು. ಅಪಾಯ ತಪ್ಪಿದ ಪುಣ್ಯವನ್ನು ಹಂಚುವುದಾದರೆ ಅದು ಅವರಿಗೆ ಸಲ್ಲಬೇಕು.

ಹಾಗಾದರೆ ಲೋಪವುಳಿಸಿದವರ ಪಾಲೇನು? ಕಾನೂನು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಬಾಹ್ಯಾಕಾಶವನ್ನು ಕುರಿತ 1967ರ ಒಪ್ಪಂದವೂ ಹೊಣೆಯನ್ನು ಕುರಿತ 1972ರ ಒಪ್ಪಂದವೂ ವಸ್ತುಗಳು ಬೀಳುವುದನ್ನೂ ಡಿಕ್ಕಿಯಾಗುವುದನ್ನೂ ಮನಸ್ಸಿನಲ್ಲಿರಿಸಿಕೊಂಡು ಹುಟ್ಟಿದವು. 1978ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮಾಸ್ 954 ಎಂಬ ಉಪಗ್ರಹ ಕೆನಡಾದ ಹಿಮಭೂಮಿಯ ಮೇಲೆ ಚೂರುಚೂರಾಗಿ ಬಿದ್ದು ವಿಕಿರಣ ವಸ್ತುವನ್ನು ಚೆಲ್ಲಿದಾಗ, ಬಿದ್ದುದು ಯಾರದೆಂಬುದರಲ್ಲಿ ಸಂದೇಹವಿರಲಿಲ್ಲ. 1981ರಲ್ಲಿ 30 ಲಕ್ಷ ಕೆನಡಾ ಡಾಲರುಗಳಿಗೆ ವ್ಯವಹಾರ ತೀರ್ಮಾನವಾಯಿತು. ಆಕಾಶದಿಂದ ಕಲ್ಲು ಬಿದ್ದರೆ ಎತ್ತಿ ತೋರಿಸಬಹುದು. ಅಳಿಸಿಹೋದ ಮೋಡೆಮ್‌ನಲ್ಲಿ ಎತ್ತಿ ತೋರಿಸಲು ಏನಿದೆ?

ಕಾನೂನು ಮೌನವಾಗಿರುವ ಕಡೆಯಲ್ಲಿ ಧರ್ಮವಿಚಾರ ಮೌನವಾಗಿರಬೇಕಿಲ್ಲ. ಹಿಂಸೆಯ ವಿಚಾರ ಮಾಡಿದ ಆಚಾರ್ಯರು ದ್ವೇಷವನ್ನು ಮಾತ್ರ ಹೆಸರಿಸಿ ಸುಮ್ಮನಾಗಲಿಲ್ಲ, ಪ್ರಮಾದವನ್ನೂ ಹೆಸರಿಸಿದರು. ನೋಡದೆ ಕಾಲಿಟ್ಟವನಿಗೂ ನೋಡಿ ನಡೆದವನಿಗೂ ಭೇದವಿದೆಯೆಂಬುದು ಈ ಪತ್ರಿಕೆಯ ಓದುಗರು ಎಳವೆಯಿಂದ ಕೇಳಿದ ಮಾತು. ಆದರೆ ಪ್ರಮಾದವೆಂಬುದು ಮರೆವು ಮಾತ್ರವಲ್ಲ. ಅನೇಕ ಸಲ ಅದು ಲೆಕ್ಕ ಹಾಕಿ ಮಾಡಿದ ಮರೆವು. ಕೆಎ-ಸ್ಯಾಟ್ ಪ್ರಸಂಗದಲ್ಲಿ ಆದುದು ಇಂಥದೆಂದು ಹೇಳುವುದಕ್ಕೆ ಆಧಾರವಿಲ್ಲ, ಹಾಗೆ ಹೇಳುವುದೂ ತಪ್ಪು. ಲೆಕ್ಕ ಹಾಕಿದ ಮರೆವಿನ ನಿದರ್ಶನ ಬೇರೊಂದು ಕಡೆ ದೊರೆಯುತ್ತದೆ.

2025ರ ಅಕ್ಟೋಬರಿನಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ, ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳ, ಸಂಶೋಧಕರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಅವರು ಮಾಡಿದ್ದಿಷ್ಟೆ: ಕಟ್ಟಡದ ಮಾಳಿಗೆಯ ಮೇಲೆ, ಅಂಗಡಿಯಲ್ಲಿ ದೊರೆಯುವ ಸುಮಾರು 800 ಡಾಲರು ಬೆಲೆಯ ಸಾಮಗ್ರಿಗಳಿಂದ ಒಂದು ಆಂಟೆನಾ ನಿಲ್ಲಿಸಿ, ತಲೆಯ ಮೇಲಿದ್ದ ಉಪಗ್ರಹಗಳಿಂದ ಇಳಿಯುತ್ತಿದ್ದ ಅಲೆಗಳನ್ನು ಆಲಿಸಿದರು. ಯಾವ ಬೀಗವನ್ನೂ ಮುರಿಯಲಿಲ್ಲ, ಯಾವ ಆಜ್ಞೆಯನ್ನೂ ಕಳುಹಿಸಲಿಲ್ಲ. ಅವರು ಪರಿಶೀಲಿಸಿದ ಸಂಕೇತಗಳಲ್ಲಿ ಸುಮಾರು ಅರ್ಧದಷ್ಟು ಗೂಢಲಿಪಿಯ ಯಾವ ಮುಸುಕೂ ಇಲ್ಲದೆ ಬೆತ್ತಲೆಯಾಗಿ ಬರುತ್ತಿದ್ದವು. ಜನರ ದೂರವಾಣಿಯ ಮಾತುಗಳು, ಸಂದೇಶಗಳು, ವಿಮಾನದಲ್ಲಿ ಕುಳಿತವರ ಅಂತರ್ಜಾಲ ವ್ಯವಹಾರ, ಸೇನೆಗಳಿಗೆ ಸಂಬಂಧಿಸಿದ ಮಾಹಿತಿ ಕೂಡ ಅದರಲ್ಲಿತ್ತು. ಗುಡ್ಡಗಾಡಿನ ದೂರವಾಣಿ ಗೋಪುರಗಳನ್ನು ಮುಖ್ಯ ಜಾಲಕ್ಕೆ ಜೋಡಿಸಲು ಉಪಗ್ರಹವನ್ನು ಬಳಸುವುದುಂಟು. ತನ್ನ ಕೈಯ ಉಪಕರಣದಿಂದ ಎದುರಿನ ಗೋಪುರಕ್ಕೆ ಮಾತನಾಡುತ್ತಿದ್ದೇನೆಂದು ತಿಳಿದ ಮುದುಕಿಯ ಮಾತು ಖಂಡದ ಮೂರನೆಯ ಒಂದು ಭಾಗಕ್ಕೆ ಕೇಳುವಂತೆ ಆಕಾಶದಿಂದ ಸುರಿಯುತ್ತಿತ್ತೆಂದರೆ ಅದು ಅತಿಶಯೋಕ್ತಿಯಲ್ಲ.

ಮುಸುಕು ಹಾಕಲು ಯಾಕೆ ಹಿಂಜರಿದರು? ಕಾರಣಗಳು ಗೂಢವಲ್ಲ. ಗೂಢಲಿಪಿಗೆ ಅಲೆಯ ಜಾಗ ಒಂದಿಷ್ಟು ಹೆಚ್ಚಾಗಿ ಬೇಕು, ದೂರದ ನಿಲ್ದಾಣದಲ್ಲಿ ವಿದ್ಯುತ್ತು ಹೆಚ್ಚು ಬೇಕು, ಕೆಲವು ಉಪಕರಣಗಳಲ್ಲಿ ಅದಕ್ಕೆ ಪ್ರತ್ಯೇಕ ಶುಲ್ಕ ತೆರಬೇಕು, ಕೆಟ್ಟಾಗ ದೋಷವನ್ನು ಹುಡುಕುವುದು ಕಷ್ಟವಾಗುತ್ತದೆ. ಈ ಒಂದೊಂದು ಕಾರಣವೂ ಲೆಕ್ಕಪತ್ರದಲ್ಲಿ ನ್ಯಾಯವಾಗಿಯೇ ಕಾಣುತ್ತದೆ. ಮಿತವ್ಯಯ ಒಂದು ಗುಣ. ವ್ಯಾಪಾರಿಗೆ ಅದು ಭೂಷಣ. ಆದರೆ ಉಳಿತಾಯದ ಹಣ ತನ್ನ ಪೆಟ್ಟಿಗೆಗೆ ಬಂದು, ಅದರಿಂದಾಗುವ ಅಪಾಯ ಇನ್ನೊಬ್ಬನ ಮನೆಗೆ ಹೋಗುವುದಾದರೆ ಆ ಮಿತವ್ಯಯಕ್ಕೆ ಬೇರೆ ಹೆಸರನ್ನು ಹುಡುಕಬೇಕಾಗುತ್ತದೆ. ಒಡವೆ ಇಟ್ಟವನ ಒಪ್ಪಿಗೆಯನ್ನಾದರೂ ಕೇಳಿದ್ದರೆ ಮಾತು ಬೇರೆ. ಮುದುಕಿಯನ್ನು ಯಾರೂ ಕೇಳಿರಲಿಲ್ಲ. ಸಂಶೋಧಕರು ಎಚ್ಚರಿಸಿದ ಮೇಲೆ ಅಮೆರಿಕದ ದೊಡ್ಡ ದೂರವಾಣಿ ಕಂಪನಿಯೊಂದು ಕೆಲವೇ ವಾರಗಳಲ್ಲಿ ತನ್ನ ಸಂಕೇತಗಳಿಗೆ ಗೂಢಲಿಪಿಯನ್ನು ತೊಡಿಸಿತೆಂಬುದನ್ನು ಮೆಚ್ಚಬೇಕು. ಆದರೆ ವಾರಗಳಲ್ಲಿ ಆಗಬಹುದಾದ ಕೆಲಸ ವರ್ಷಗಳಿಂದ ಆಗದೆ ಉಳಿದಿತ್ತೆಂಬುದೂ ಅದರಿಂದಲೇ ಸಿದ್ಧವಾಗುತ್ತದೆ.

ತೆರೆದ ಬಾಗಿಲು ಇನ್ನೊಂದು ಅನರ್ಥವನ್ನೂ ಉಂಟುಮಾಡುತ್ತದೆ. ಅದು ಕಳ್ಳರಲ್ಲದವರನ್ನೂ ಒಳಕ್ಕೆ ಕರೆಯುತ್ತದೆ. ಅಮೆರಿಕದ ನೌಕಾಪಡೆಯು 1978ರಿಂದ ಮೇಲೇರಿಸಿದ ಫ್ಲೀಟ್‌ಸ್ಯಾಟ್‌ಕಾಂ ಎಂಬ ಉಪಗ್ರಹಗಳು, ಕೆಳಗಿನಿಂದ ಬಂದ ಧ್ವನಿಯನ್ನು ಯಾರದೆಂದು ಕೇಳದೆ ಹಾಗೆಯೇ ಮರಳಿ ಭೂಮಿಗೆ ಕಳುಹಿಸುವ ಬಗೆಯವು. ಬ್ರೆಜಿಲ್ ದೇಶದಲ್ಲಿ ಇದು ಹೇಗೋ ಜನಕ್ಕೆ ತಿಳಿಯಿತು. ಹವ್ಯಾಸಿ ರೇಡಿಯೋ ಯಂತ್ರವನ್ನು ಅಷ್ಟಿಷ್ಟು ಬದಲಾಯಿಸಿಕೊಂಡರೆ ಸಾಕಾಗಿತ್ತು. ದೂರವಾಣಿ ಇಲ್ಲದ ಅಮೆಜಾನ್ ಕಾಡಿನ ದಾರಿಗಳಲ್ಲಿ ದಿನಗಟ್ಟಲೆ ಲಾರಿ ಓಡಿಸುವವರು ಈ ಉಪಗ್ರಹಗಳ ಮೂಲಕ ಮನೆಯವರೊಡನೆ ಮಾತನಾಡತೊಡಗಿದರು. ಕಾಡುಗಳ್ಳರೂ ಅದೇ ದಾರಿಯನ್ನು ಹಿಡಿದರು. 2009ರ ಮಾರ್ಚ್‌ನಲ್ಲಿ ಬ್ರೆಜಿಲಿನ ಪೊಲೀಸರು ಒಂದೇ ದಿನ ಹಲವು ರಾಜ್ಯಗಳಲ್ಲಿ 39 ಮಂದಿಯನ್ನು ಹಿಡಿದರು.

ಹೆಂಡತಿಗೆ ತಾನು ಕ್ಷೇಮವೆಂದು ತಿಳಿಸಿದ ಲಾರಿಯವನು ಕಳ್ಳನೆ? ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂಬ ಕಟ್ಟುನಿಟ್ಟಾದ ಲಕ್ಷಣದಂತೆ ನೋಡಿದರೆ ಹೌದು. ಆ ಅಲೆಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಅವನ ಮಾತು ನಡೆಯುವಾಗ ಸಮುದ್ರದಲ್ಲಿದ್ದ ಹಡಗೊಂದರ ಮಾತಿಗೆ ಜಾಗವಿಲ್ಲದೆ ಹೋಗಬಹುದಿತ್ತು ಎಂಬುದೂ ನಿಜ. ಆದರೆ ಅವನ ಮನಸ್ಸಿನಲ್ಲಿದ್ದುದು ಕಳವಿನ ಭಾವವಾಗಿರಲಿಲ್ಲವೆಂಬುದೂ ಅಷ್ಟೇ ನಿಜ. ದಾರಿಯಲ್ಲಿ ಹರಿಯುವ ನೀರಿಗೆ ಬೊಗಸೆಯೊಡ್ಡಿದಂತೆ ಅವನು ಅದಕ್ಕೆ ಕಿವಿಯೊಡ್ಡಿದ್ದನು. ಬೀಗವಿದ್ದಿದ್ದರೆ ಅವನು ಅದನ್ನು ಮುರಿಯಲು ಹೋಗುತ್ತಿರಲಿಲ್ಲ. ಮುರಿಯುವ ವಿದ್ಯೆಯೂ ಅವನಲ್ಲಿರಲಿಲ್ಲ. ಅವನನ್ನು ಅಪರಾಧಿಯನ್ನಾಗಿ ಮಾಡಿದ್ದರಲ್ಲಿ ಬೀಗವಿಲ್ಲದ ಬಾಗಿಲಿನ ಪಾಲೂ ಇದೆ. ರಕ್ಷಣೆಯೆಂಬುದು ಒಳಗಿನ ವಸ್ತುವಿಗೆ ಮಾತ್ರವಲ್ಲ, ಹೊರಗೆ ಹಾದುಹೋಗುವ ದುರ್ಬಲನಿಗೂ ಒದಗಬೇಕಾದ ಉಪಕಾರವೆಂಬ ಮಾತು ಇಂಥ ಸಂದರ್ಭದಲ್ಲಿ ನೆನಪಾಗುತ್ತದೆ.

ಭಾರತಕ್ಕೂ ಇದು ದೂರದ ಕಥೆಯಲ್ಲ. ಅಂದಿನ ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಅವರು 2023ರ ಅಕ್ಟೋಬರಿನಲ್ಲಿ ಕೊಚ್ಚಿಯ ಸಮ್ಮೇಳನವೊಂದರಲ್ಲಿ, ತಮ್ಮ ಸಂಸ್ಥೆಯು ದಿನವೊಂದಕ್ಕೆ ನೂರಕ್ಕೂ ಹೆಚ್ಚು ಸೈಬರ್ ದಾಳಿಗಳನ್ನು ಎದುರಿಸುತ್ತಿದೆಯೆಂದು ಹೇಳಿದರು. 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು, ದೆಹಲಿಯ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ದಾರಿ ತೋರಿಸುವ ಉಪಗ್ರಹದ ಹೆಸರಿನಲ್ಲಿ ಸುಳ್ಳು ಸಂಕೇತಗಳು ಬಂದಿದ್ದುವೆಂದು ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಸುಳ್ಳು ಹೇಳುವ ಆಕಾಶವಾಣಿ ಪುರಾಣಗಳಲ್ಲಿ ಕೂಡ ಅಪರೂಪ. ಅಂದು ನೆಲದ ಮೇಲಿನ ಹಳೆಯ ಬಗೆಯ ದಾರಿದೀಪಗಳು ಇದ್ದುದರಿಂದ ವಿಮಾನಗಳ ಓಡಾಟ ನಿಲ್ಲಲಿಲ್ಲ. ಹೊಸದು ಬಂದಾಗ ಹಳೆಯದನ್ನು ಕಿತ್ತೊಗೆಯದೆ ಉಳಿಸಿಕೊಂಡ ವಿವೇಕ ಇಲ್ಲಿಯೂ, ಜರ್ಮನಿಯ ಗಾಳಿಯಂತ್ರಗಳಲ್ಲಿದ್ದಂತೆಯೇ, ಕೈ ಹಿಡಿಯಿತು.

ಭಂಡಾರವನ್ನು ನೋಡಿಕೊಳ್ಳುವವರಿಗೆ ಒಂದು ಸ್ವಭಾವ ದೌರ್ಬಲ್ಯವಿದೆ: ತಮ್ಮ ಬೀಗ ಸಡಿಲವಾಗಿದೆಯೆಂದು ಇತರರಿಗೆ ತಿಳಿಯಗೊಡಲು ಅವರು ಇಷ್ಟಪಡುವುದಿಲ್ಲ. ತಿಳಿದರೆ ಕಳ್ಳನಿಗೆ ಅನುಕೂಲವಾಗುತ್ತದೆ ಎಂಬುದು ಹೇಳುವ ಕಾರಣ; ಮಾನ ಹೋಗುತ್ತದೆ ಎಂಬುದು ಹೇಳದ ಕಾರಣ. ಎರಡನೆಯದೇ ಹೆಚ್ಚು ಬಲವಾದುದು. ಇದಕ್ಕೆ ವಿರುದ್ಧವಾದ ನಡತೆಯ ನಿದರ್ಶನವೊಂದನ್ನು ಯುರೋಪಿನ ಬಾಹ್ಯಾಕಾಶ ಸಂಸ್ಥೆಯು ತೋರಿಸಿಕೊಟ್ಟಿತು. 2019ರ ಡಿಸೆಂಬರಿನಲ್ಲಿ ಅದು ಆಪ್ಸ್-ಸ್ಯಾಟ್ ಎಂಬ, ಕೈಯಲ್ಲಿ ಎತ್ತಿಕೊಳ್ಳಬಹುದಾದಷ್ಟು ಚಿಕ್ಕ ಉಪಗ್ರಹವನ್ನು ಹಾರಿಸಿತ್ತು. ಹೊಸ ತಂತ್ರಾಂಶಗಳನ್ನು ಆಕಾಶದಲ್ಲಿಯೇ ಪರೀಕ್ಷಿಸಿ ನೋಡುವುದು ಅದರ ಉದ್ದೇಶ. 2023ರಲ್ಲಿ ಸಂಸ್ಥೆಯು ಈ ಉಪಗ್ರಹವನ್ನೇ ಮುಂದಿಟ್ಟು, ಸಾಧ್ಯವಾದರೆ ಇದರೊಳಕ್ಕೆ ನುಗ್ಗಿ ತೋರಿಸಿರೆಂದು ನಿಪುಣರಿಗೆ ಆಹ್ವಾನ ನೀಡಿತು. ಥೇಲ್ಸ್ ಎಂಬ ಫ್ರಾನ್ಸಿನ ಕಂಪನಿಯ ನಾಲ್ವರ ತಂಡ ನುಗ್ಗಿಯೂ ತೋರಿಸಿತು. ಉಪಗ್ರಹವು ತಾನಿರುವ ಸ್ಥಾನವನ್ನು ಅರಿಯುವ ವ್ಯವಸ್ಥೆ, ಮುಖ ತಿರುಗಿಸುವ ವ್ಯವಸ್ಥೆ, ಕ್ಯಾಮೆರಾ ಇವೆಲ್ಲವೂ ಅವರ ಕೈಗೆ ಸಿಕ್ಕಿದವು. ಉಪಗ್ರಹ ತೆಗೆದ ಭೂಮಿಯ ಚಿತ್ರಗಳಲ್ಲಿ ಆರಿಸಿದ ಪ್ರದೇಶಗಳನ್ನು ಮರೆಮಾಡಿ ಕಳುಹಿಸುವಂತೆಯೂ ಅವರು ಮಾಡಿದರು. ಪರೀಕ್ಷೆ ನಡೆದಷ್ಟು ಹೊತ್ತೂ ಮುಖ್ಯ ಹತೋಟಿ ಸಂಸ್ಥೆಯ ಬಳಿಯೇ ಇತ್ತು.

ಅವರು ಕೈಗೊಂಡ ಕ್ರಿಯೆಗೂ 2022ರ ಫೆಬ್ರವರಿಯ ದಾಳಿಕಾರರ ಕ್ರಿಯೆಗೂ ಗಣಕದ ಪರದೆಯ ಮೇಲೆ ಬಹಳ ಭೇದವಿರಲಿಕ್ಕಿಲ್ಲ. ಅದೇ ಬಗೆಯ ಜಾಣತನ, ಅದೇ ಬಗೆಯ ತಾಳ್ಮೆ, ಲೋಪವನ್ನು ಹುಡುಕುವ ಅದೇ ತೀಕ್ಷ್ಣವಾದ ಕಣ್ಣು. ಒಂದರ ಹಿಂದೆ ಒಡೆಯನ ಒಪ್ಪಿಗೆಯಿತ್ತು, ಮುಂದೆ ತಿದ್ದುಪಡಿಯ ಆಸೆಯಿತ್ತು. ಇನ್ನೊಂದರ ಹಿಂದುಮುಂದುಗಳಲ್ಲಿ ಇವೆರಡೂ ಇರಲಿಲ್ಲ. ಒಪ್ಪಿಗೆ ಕೊಟ್ಟ ಒಡೆಯನಿಗೂ ಅದು ಸುಲಭವಾಗಿದ್ದಿರಲಾರದು. ತನ್ನ ಮನೆಯ ಗೋಡೆಯಲ್ಲಿ ಎಲ್ಲೆಲ್ಲಿ ಮಣ್ಣು ಉದುರಿದೆಯೆಂದು ಪರರ ಬಾಯಲ್ಲಿ ಕೇಳುವುದಕ್ಕೆ, ಅದೂ ತುಂಬಿದ ಸಭೆಯಲ್ಲಿ ಕೇಳುವುದಕ್ಕೆ, ಗಟ್ಟಿ ಮನಸ್ಸು ಬೇಕು. ತಂಡದವರು ತಾವು ಒಳಹೊಕ್ಕ ಬಗೆಯನ್ನು ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಪ್ಯಾರಿಸಿನ ಸಮ್ಮೇಳನದಲ್ಲಿ ನೆರೆದವರ ಎದುರಿಗೆ ವಿವರಿಸಿದರು. ಆಪ್ಸ್-ಸ್ಯಾಟ್ ಮತ್ತೂ ಒಂದು ವರ್ಷ ಕೆಲಸ ಮಾಡಿ, 2024ರ ಮೇ ತಿಂಗಳ ಕೊನೆಯ ವಾರಗಳಲ್ಲಿ ಭೂಮಿಯ ವಾತಾವರಣವನ್ನು ಹೊಕ್ಕು ಉರಿದುಹೋಯಿತು.